ಜ್ವರದ ಚೀಟಿಯ ಮೇಲೆ ಎರಡು ಸಾಲು ಬರೆಸಿ

ಬಾಗಲಕೋಟೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ, ಹಾಗೂ ಈ ಜಿಲ್ಲೆಯಲ್ಲಿ ಜ್ವರದ ಚೀಟಿ ಬರೆಯುವ ಎಲ್ಲ ಸರ್ಕಾರಿ, ಖಾಸಗಿ ವೈದ್ಯರಿಗೆ,

ಇಳಕಲ್ಲಿನಿಂದ ಪ್ರೌಢಶಾಲೆಯ ಒಬ್ಬ ವಿಜ್ಞಾನ ಶಿಕ್ಷಕಿಯ ನಮಸ್ಕಾರಗಳು.

ಎರಡು ವರ್ಷದ ಹಿಂದೆ, ಗಣಪತಿ ಹಬ್ಬ ಮುಗಿದ ವಾರ, ನನ್ನ ತಮ್ಮನಿಗೆ ಜ್ವರ ಬಂತು. ನಾಲ್ಕು ದಿನ ಮೈ ಕೆಂಡವಾಗಿತ್ತು, ಐದನೆಯ ದಿನ ಇಳಿಯಿತು. ಡೆಂಗಿ ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಚೀಟಿಯ ಮೇಲೆ ‘ವೈರಲ್ ಜ್ವರ’ ಎಂದು ಬರೆದಿತ್ತು, ಅದರ ಕೆಳಗೆ ಪ್ಯಾರಾಸಿಟಮಾಲ್ ಮತ್ತು ಒಂದು ಟಾನಿಕ್. ದಸರಾ, ದೀಪಾವಳಿಯ ಸೀರೆಗಳ ಕೆಲಸ ತಲೆ ಮೇಲಿತ್ತು. ಜ್ವರ ಬಿಟ್ಟ ಎರಡೇ ದಿನಕ್ಕೆ ಅವನು ಕುಣಿಮಗ್ಗಕ್ಕೆ ಇಳಿದ.

ಹನ್ನೊಂದು ದಿನ ಕಳೆದ ಮೇಲೆ, ಒಂದು ಸೋಮವಾರ ಸಂಜೆ, ನಾನು ಶಾಲೆಯಿಂದ ಬಂದಾಗ ಅವನು ಮಗ್ಗದ ಕುಣಿಯಲ್ಲೇ ಸುಮ್ಮನೆ ಕೂತಿದ್ದ. “ಅಕ್ಕಾ, ಎರಡೂ ಪಾದಕ್ಕ ಜೋಮು ಹಿಡದಂಗ ಆಗೇತಿ. ಹಲಗಿ ತುಳದ್ರ ತುಳದಂಗ ಅನಸವಲ್ದು” ಅಂದ. ನಾನು ಹೇಳಿದ್ದು ಇಷ್ಟೇ: “ಕುಂತು ಕುಂತು ಹಂಗಾಗೇತಿ. ಒಂದೀಟು ಅಡ್ಡಾಡಿ ಬಾ.” ಹದಿನೇಳು ವರ್ಷದಿಂದ ಮಕ್ಕಳಿಗೆ ನರಮಂಡಲದ ಪಾಠ ಮಾಡುತ್ತಿರುವವಳು ನಾನು. ‘ಎರಡೂ ಪಾದ’ ಎಂಬ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮಂಗಳವಾರ ಅವನಿಗೆ ಕುಣಿಯಿಂದ ಮೇಲೇಳಲು ಗೋಡೆ ಹಿಡಿಯಬೇಕಾಯಿತು. ಬುಧವಾರ ಒಂದು ಖಾಸಗಿ ದವಾಖಾನೆಗೆ ಕರೆದೊಯ್ದೆವು. ಜ್ವರದ ನಿಶ್ಯಕ್ತಿ ಎಂದು ಸಲಾಯಿನ್ ಹಚ್ಚಿ, ಬಿ ಕಾಂಪ್ಲೆಕ್ಸ್ ಸೂಜಿ ಕೊಟ್ಟು ಕಳಿಸಿದರು. ಗುರುವಾರ ಓಣಿಯ ಹಿರಿಯರು ಇದು ಲಕ್ವಾ ಎಂದರು, ಲಕ್ವಾಕ್ಕೆ ಗಿಡಮೂಲಿಕೆ ಕೊಡುವ ಒಂದು ಹಳ್ಳಿಯಲ್ಲಿ ಅವತ್ತಿನ ಇಡೀ ದಿನ ಹೋಯಿತು. ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯಲು ಅವನ ಬೆರಳಿಗೆ ಶಕ್ತಿ ಇರಲಿಲ್ಲ. ಅವ್ವ ಮುರಿದು ಬಾಯಿಗಿಟ್ಟಳು. ಮೂವತ್ತನಾಲ್ಕು ವರ್ಷದ ಮಗ, ಬಾಯಿ ತೆರೆದು ಅವ್ವನ ಮುಖ ನೋಡುತ್ತಿದ್ದ.

ಶನಿವಾರ ನಸುಕಿನಲ್ಲಿ ಗಾಡಿ ಮಾಡಿಕೊಂಡು ಹುನಗುಂದ, ಅಮೀನಗಡ ದಾಟಿ ದೊಡ್ಡ ಆಸ್ಪತ್ರೆ ಸೇರಿದೆವು. ಅಲ್ಲಿ ಒಬ್ಬ ಕಿರಿಯ ವೈದ್ಯೆ ಮಾಡಿದ್ದು ಎರಡೇ ಕೆಲಸ. ರಬ್ಬರಿನ ಪುಟ್ಟ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ತಟ್ಟಿದಳು, ಕಾಲು ಜಿಗಿಯಲಿಲ್ಲ. ಆಮೇಲೆ, “ಉಸಿರು ತುಂಬಿಕೊಂಡು, ಒಂದೇ ಉಸಿರಿನಲ್ಲಿ ಎಷ್ಟು ಆಗತ್ತೋ ಅಷ್ಟು ಎಣಿಸಿ” ಅಂದಳು. ತಮ್ಮ ಇಪ್ಪತ್ತಾರರವರೆಗೆ ಎಣಿಸಿದ. ಭಾನುವಾರ ಬೆಳಿಗ್ಗೆ ಮತ್ತೆ ಎಣಿಸಲು ಹೇಳಿದರು. ಹದಿಮೂರಕ್ಕೆ ನಿಂತ. ಒಂದು ತಾಸಿನೊಳಗೆ ಗಂಟಲಿಗೆ ಕೊಳವೆ ಇಳಿಸಿ ವೆಂಟಿಲೇಟರಿಗೆ ಹಾಕಿದರು. ಹತ್ತೊಂಬತ್ತು ದಿನ ಅದರ ಮೇಲಿದ್ದ.

ರೋಗದ ಹೆಸರು ಗೀಲನ್ ಬಾರೆ ಸಿಂಡ್ರೋಮ್. ದೇಹದ ರಕ್ಷಣೆಗೆಂದು ಇರುವ ಪಡೆಯೇ ದೇಹದ ನರಗಳ ಮೇಲೆ ತಿರುಗಿ ಬೀಳುವ ರೋಗ. 1916ರಲ್ಲಿ ಗೀಲನ್, ಬಾರೆ, ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಇದನ್ನು ಕಂಡು ಬರೆದಿಟ್ಟರು. ನೂರು ವರ್ಷ ದಾಟಿದರೂ ನಮ್ಮ ಊರಿನಲ್ಲಿ ಇದಕ್ಕೆ ಲಕ್ವಾ ಎಂಬ ಹೆಸರೇ ಇದೆ. ಎರಡಕ್ಕೂ ವ್ಯತ್ಯಾಸ ಬಹಳ. ಲಕ್ವಾ ಸಾಮಾನ್ಯವಾಗಿ ಮೈಯ ಒಂದು ಮಗ್ಗುಲನ್ನು ಒಮ್ಮೆಲೇ ಹೊಡೆಯುತ್ತದೆ. ಇದು ಎರಡೂ ಪಾದಗಳಿಂದ ಸಮನಾಗಿ ಶುರುವಾಗಿ, ದಿನದಿನಕ್ಕೆ ಮೇಲೇರುತ್ತ ತೊಡೆ, ಕೈ, ಕೊನೆಗೆ ಎದೆಯ ಸ್ನಾಯುಗಳಿಗೆ ಬರುತ್ತದೆ.

ವೈದ್ಯರಾದ ನಿಮಗೆ ಇದೆಲ್ಲ ಗೊತ್ತಿರುವುದೇ. ಆದರೆ ಈ ಪತ್ರವನ್ನು ನನ್ನ ಓಣಿಯವರೂ ಓದಲಿ ಎಂಬ ಆಸೆಯಿಂದ, ಜ್ವರಕ್ಕೂ ಇದಕ್ಕೂ ಏನು ನಂಟು ಎಂಬುದನ್ನು ನಮ್ಮ ಮಗ್ಗದ ಭಾಷೆಯಲ್ಲಿ ಹೇಳುತ್ತೇನೆ.

ಶ್ರಾವಣದ ಜಾತ್ರೆಯ ಗದ್ದಲದಲ್ಲಿ ನನ್ನ ಅವ್ವ ದೂರದಿಂದಲೇ, ಅದು ನಮ್ಮ ಮಗ್ಗದ ಸೀರೆ ಎಂದು ಗುರುತು ಹಿಡಿಯುತ್ತಾಳೆ. ಉಟ್ಟವಳ ಮುಖ ಕಾಣಬೇಕಿಲ್ಲ, ಇಡೀ ಸೀರೆಯೂ ಕಾಣಬೇಕಿಲ್ಲ. ದಡಿಯ ನಾಲ್ಕು ಬೆರಳು ಕಂಡರೆ ಸಾಕು; ಗೋಮಿಯೋ, ಚಿಕ್ಕಿ ಪರಾಸವೋ, ಯಾರ ಕೈ ಎಂಬುದು ತಿಳಿಯುತ್ತದೆ. ನಮ್ಮ ರಕ್ತದ ಪ್ರತಿಕಾಯಗಳೂ ಹೀಗೆಯೇ. ಅವು ಒಂದು ವೈರಸ್ಸನ್ನು ಇಡಿಯಾಗಿ ನೋಡುವುದಿಲ್ಲ, ಅದರ ಮೇಲ್ಮೈಯ ಒಂದು ಚೂರು ವಿನ್ಯಾಸವನ್ನು ಮಾತ್ರ ಹಿಡಿಯುತ್ತವೆ. ಜ್ವರ ಬಂದಾಗ ದೇಹ ಆ ಚೂರಿಗೆ ತಕ್ಕ ಪ್ರತಿಕಾಯಗಳನ್ನು ಕೋಟಿಗಟ್ಟಲೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ರೋಗಾಣು ಸಾಯುತ್ತದೆ, ಜ್ವರ ಇಳಿಯುತ್ತದೆ. ಆದರೆ ಯಾರೋ ಕೆಲವರ ದುರದೃಷ್ಟಕ್ಕೆ, ರೋಗಾಣುವಿನ ಆ ದಡಿ ಮತ್ತು ನಮ್ಮ ನರದ ಹೊದಿಕೆಯ ದಡಿ ಒಂದೇ ತೆರನಾಗಿರುತ್ತದೆ. ಕೆಲಸ ಮುಗಿಸಿದ ಪ್ರತಿಕಾಯಗಳು ಮನೆಯೊಳಗೆ ಅದೇ ದಡಿ ಕಂಡು, ಇನ್ನೂ ಶತ್ರು ಇದೆ ಎಂದು ಹೊಡೆಯತೊಡಗುತ್ತವೆ. ವಿಜ್ಞಾನಿಗಳು ಇದನ್ನು ಅಣುಗಳ ಸಾಮ್ಯ ಎನ್ನುತ್ತಾರೆ.

ಹಾಸಿನ ಎಳೆಗೆ ಗಂಜಿ ಹಾಕದೆ ಮಗ್ಗಕ್ಕೇರಿಸಿದರೆ ಏನಾಗುತ್ತದೆ ಎಂಬುದು ಇಳಕಲ್ಲಿನ ಮಕ್ಕಳಿಗೂ ಗೊತ್ತು. ಎಳೆ ಜುಂಗು ಎದ್ದು ಪಟಪಟ ಕಡಿಯುತ್ತದೆ. ನರಕ್ಕೂ ಅಂಥ ಒಂದು ಲೇಪ ಇದೆ, ಹೆಸರು ಮಯಲಿನ್. ಅದು ಕಳಚಿದರೆ ಮಿದುಳು ‘ತುಳಿ’ ಎಂದು ಹೇಳಿ ಕಳಿಸಿದ ಸುದ್ದಿ ಪಾದದವರೆಗೆ ತಲುಪುವುದಿಲ್ಲ, ಪಾದ ತುಳಿದ ಸುದ್ದಿ ಮಿದುಳಿಗೂ ಮರಳುವುದಿಲ್ಲ. ತಮ್ಮನಿಗೆ ಆ ಸೋಮವಾರ ಹಲಗೆ ತುಳಿದದ್ದು ಗೊತ್ತಾಗದೆ ಹೋದದ್ದು ಇದಕ್ಕೇ. ಕೆಲವರಲ್ಲಿ ಲೇಪವಷ್ಟೇ ಅಲ್ಲ, ಒಳಗಿನ ಎಳೆಯೇ ಪೆಟ್ಟು ತಿನ್ನುತ್ತದೆ. ಅಂಥವರು ಚೇತರಿಸಿಕೊಳ್ಳಲು ಇನ್ನೂ ಬಹಳ ಕಾಲ ಬೇಕು.

ಪ್ರತಿಕಾಯ ತಯಾರಾಗಲು ಸಮಯ ಬೇಕಲ್ಲ, ಹಾಗಾಗಿ ಈ ಪೆಟ್ಟು ಜ್ವರದ ಜೊತೆ ಬರುವುದಿಲ್ಲ. ಜ್ವರ ಹೋಗಿ, ಮನೆಯವರೆಲ್ಲ ಸಮಾಧಾನದ ಉಸಿರು ಬಿಟ್ಟ ಮೇಲೆ ಬರುತ್ತದೆ. ಈ ರೋಗ ಬಂದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನಕ್ಕೆ ಹಿಂದಿನ ಆರು ವಾರದೊಳಗೆ ಜ್ವರವೋ ನೆಗಡಿಯೋ ಭೇದಿಯೋ ಆಗಿರುತ್ತದೆ. ಈ ಆರು ವಾರವೇ ನನ್ನ ಪತ್ರದ ವಿಷಯ. ಜ್ವರದ ದಿನಗಳನ್ನು ನೋಡಿಕೊಳ್ಳಲು ನಮ್ಮಲ್ಲಿ ಎಲ್ಲ ಇದೆ: ರಕ್ತಪರೀಕ್ಷೆ ಇದೆ, ಪ್ಲೇಟ್‌ಲೆಟ್ ಎಣಿಕೆ ಇದೆ, ಮನೆಮನೆಗೆ ಬಂದು ಬ್ಯಾರಲ್, ಹಂಡೆಗಳಲ್ಲಿ ಲಾರ್ವಾ ಹುಡುಕುವ ಆಶಾ ಕಾರ್ಯಕರ್ತೆಯರಿದ್ದಾರೆ. ಜ್ವರ ಇಳಿದ ಮರುದಿನದಿಂದ ರೋಗಿಯ ಕಡೆ ನೋಡುವವರು ಯಾರೂ ಇಲ್ಲ.

ತಮ್ಮನಿಗೆ ಬಂದದ್ದು ಯಾವ ವೈರಸ್ ಎಂಬುದು ಕೊನೆಗೂ ತಿಳಿಯಲಿಲ್ಲ. ‘ವೈರಲ್’ ಎಂಬುದು ರೋಗದ ಹೆಸರಲ್ಲ, ಹತ್ತಾರು ರೋಗಗಳನ್ನು ಒಟ್ಟಿಗೆ ಹಾಕಿ ಕಟ್ಟಿದ ಗಂಟು. ಫ್ಲೂ ಇರಬಹುದು, ಸೈಟೊಮೆಗಾಲೊ ವೈರಸ್ ಇರಬಹುದು, ಪರೀಕ್ಷೆಗೆ ಸಿಗದ ಡೆಂಗಿ, ಚಿಕೂನ್‌ಗುನ್ಯಾ, ಝೀಕಾ ಯಾವುದೂ ಇರಬಹುದು. ಇವೆಲ್ಲವುಗಳ ಬೆನ್ನಿಗೆ ಗೀಲನ್ ಬಾರೆ ಬಂದದ್ದು ದಾಖಲಾಗಿದೆ. ಡೆಂಗಿಯಂತೆ ಸೊಳ್ಳೆಯಿಂದ ಹರಡುವ ಈ ಝೀಕಾ ಬಂದಾಗ ಏನಾಗಬಹುದು ಎಂಬುದನ್ನು ಫ್ರೆಂಚ್ ಪಾಲಿನೇಷ್ಯಾ ಎಂಬ ಪುಟ್ಟ ದ್ವೀಪಸಮೂಹ ಕಂಡಿದೆ: 2013-14ರಲ್ಲಿ ಝೀಕಾ ಹರಡಿದಾಗ ಅಲ್ಲಿ 42 ಜನರಿಗೆ ಗೀಲನ್ ಬಾರೆ ಬಂತು. ಅದು ಎಲ್ಲೋ ಸಮುದ್ರದಾಚೆಯ ಮಾತು ಎನ್ನುವಂತಿಲ್ಲ. ಕರ್ನಾಟಕದ ಮೊದಲ ಝೀಕಾ ಪ್ರಕರಣ 2022ರ ಡಿಸೆಂಬರಿನಲ್ಲಿ ಪತ್ತೆಯಾದದ್ದು ನಮ್ಮ ನೆರೆಯ ರಾಯಚೂರು ಜಿಲ್ಲೆಯಲ್ಲಿ, ಐದು ವರ್ಷದ ಒಂದು ಹೆಣ್ಣುಮಗುವಿನಲ್ಲಿ.

ಇನ್ನು 2025ರ ಜನವರಿಯಲ್ಲಿ ಪುಣೆಯಲ್ಲಿ ಆದದ್ದನ್ನು ನೀವೆಲ್ಲ ಕಂಡಿದ್ದೀರಿ. ಕೆಲವೇ ವಾರಗಳಲ್ಲಿ ನೂರಕ್ಕೂ ಹೆಚ್ಚು ಜನರಿಗೆ ಗೀಲನ್ ಬಾರೆ ತಗುಲಿತು. ಅಲ್ಲಿ ಮುಖ್ಯವಾಗಿ ಬೆರಳು ತೋರಿದ್ದು ವೈರಸ್ಸಿನ ಕಡೆ ಅಲ್ಲ, ಕಲುಷಿತ ನೀರು, ಆಹಾರದಿಂದ ಬರುವ ಕ್ಯಾಂಪೈಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯದ ಕಡೆ. ದಡಿಯ ಸಾಮ್ಯ ಅತ್ಯಂತ ಸ್ಪಷ್ಟವಾಗಿ ತಿಳಿದಿರುವುದೂ ಅದರದ್ದೇ: ಅದರ ಹೊರಪದರದ ಸಕ್ಕರೆಯ ಸರಪಳಿ ನಮ್ಮ ನರದ ಗ್ಯಾಂಗ್ಲಿಯೋಸೈಡ್ ಎಂಬ ಕೊಬ್ಬಿನ ಅಣುವಿನದ್ದರಂತೆಯೇ ಇದೆ. ಇದನ್ನು ಏಕೆ ಹೇಳುತ್ತಿದ್ದೇನೆ ಎಂದರೆ, ಜ್ವರದ ಚೀಟಿಗೆ ಬರೆಯುವ ಎಚ್ಚರಿಕೆ ಭೇದಿಯ ಚೀಟಿಗೂ ಬೇಕು. ಎಂಟು ದಿನಕ್ಕೊಮ್ಮೆ ನೀರು ಬಿಡುವ ಓಣಿಗಳಲ್ಲಿ ಸೊಳ್ಳೆ ಹುಟ್ಟುವುದೂ ಅದೇ ತುಂಬಿಟ್ಟ ನೀರಿನಲ್ಲಿ, ಭೇದಿ ಹುಟ್ಟುವುದೂ ಅದೇ ನೀರಿನಲ್ಲಿ.

ಜ್ವರ ಬಿಟ್ಟುಹೋಗುವ ಜಗಳ ಗೀಲನ್ ಬಾರೆ ಒಂದೇ ಅಲ್ಲ. 2006ರ ಚಿಕೂನ್‌ಗುನ್ಯಾವನ್ನು ಉತ್ತರ ಕರ್ನಾಟಕದ ಯಾವ ಮನೆ ಮರೆತಿದೆ? ಆ ವರ್ಷ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಾದವು. ಹಳ್ಳಿಗೆ ಹಳ್ಳಿಯೇ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿತ್ತು. ಆ ರೋಗದ ಹೆಸರು ಆಫ್ರಿಕಾದ ಮಕೊಂಡೆ ಭಾಷೆಯದು, ಬಾಗಿಸುವಂಥದ್ದು ಎಂಬ ಅರ್ಥ. ನನ್ನ ಅವ್ವ ಅವತ್ತು ಬಾಗಿದವಳು ಮೂರು ವರ್ಷ ನೆಟ್ಟಗಾಗಲಿಲ್ಲ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಒಂದು ತಾಸು ಬೇಕಾಗುತ್ತಿತ್ತು, ಕೊಡ ಎತ್ತಲಾಗುತ್ತಿರಲಿಲ್ಲ. ವೈರಸ್ಸು ಒಂದೆರಡು ವಾರದಲ್ಲಿ ರಕ್ತದಿಂದ ಹೋಗಿರುತ್ತದೆ. ಆದರೆ ಅದರ ಅವಶೇಷಗಳು ಕೀಲಿನಲ್ಲಿ ಉಳಿಯುವುದರಿಂದಲೋ ಏನೋ, ರಕ್ಷಣಾಪಡೆ ಅಲ್ಲಿಂದ ಕದಲದೆ ಉರಿಯೂತ ನಡೆಸುತ್ತಲೇ ಇರುತ್ತದೆ. ಕೆಲವರಲ್ಲಿ ಅದು ಸಂಧಿವಾತವನ್ನೇ ಹೋಲುತ್ತದೆ. ಅವ್ವನಿಗೆ ಯಾರೂ ಇದನ್ನು ಹೇಳಲಿಲ್ಲ. ವಯಸ್ಸಾಯಿತು ಎಂದರು. ಅವಳಿಗೆ ಆಗ ನಲವತ್ತಾರು.

ಇನ್ನೊಂದು ಉದಾಹರಣೆ ಕೊಟ್ಟು ಈ ಮಾತು ಮುಗಿಸುತ್ತೇನೆ. ಎಪ್‌ಸ್ಟೀನ್ ಬಾರ್ ಎಂಬ ವೈರಸ್ ನಮ್ಮಲ್ಲಿ ಬಹುತೇಕ ಎಲ್ಲರ ಮೈಯಲ್ಲೂ ಇದೆ, ಚಿಕ್ಕಂದಿನಲ್ಲಿ ಬಂದು, ಪ್ರತಿಕಾಯ ತಯಾರಿಸುವ ಬಿ ಜೀವಕೋಶಗಳಲ್ಲಿ ಅಡಗಿ ಜೀವನಪೂರ್ತಿ ಉಳಿಯುತ್ತದೆ. ಅಮೆರಿಕದ ಸೇನೆಯ ಒಂದು ಕೋಟಿಗೂ ಹೆಚ್ಚು ಜನರ ರಕ್ತದ ಮಾದರಿಗಳನ್ನು ಇಪ್ಪತ್ತು ವರ್ಷ ಕಾಪಿಟ್ಟು ನೋಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಈ ವೈರಸ್ ಹೊಸದಾಗಿ ತಗುಲಿದವರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ, ರಕ್ಷಣಾಪಡೆ ಮಿದುಳಿನ ನರಗಳ ಲೇಪವನ್ನೇ ಹೊಡೆಯುವ ರೋಗದ ಅಪಾಯ 32 ಪಟ್ಟು ಹೆಚ್ಚಿತ್ತು. ವೈರಸ್ ಎಲ್ಲರಲ್ಲೂ ಇದೆ, ರೋಗ ಕೆಲವರಿಗೆ ಮಾತ್ರ ಬರುತ್ತದೆ. ಹುಟ್ಟಿನಿಂದ ಬಂದ ಗುಣಸೂತ್ರ, ವಯಸ್ಸು, ರೋಗ ತಗುಲಿದ ಗಳಿಗೆ, ಎಲ್ಲವೂ ಸೇರಬೇಕು. ಇದನ್ನು ಒತ್ತಿ ಹೇಳುವುದು ಏಕೆಂದರೆ ಜ್ವರ ಬಂದವರೆಲ್ಲ ಹೆದರಿ ಕೂರಬಾರದು. ಗೀಲನ್ ಬಾರೆ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ರೋಗ.

ಆದರೆ ಆ ಲೆಕ್ಕವನ್ನು ನಮ್ಮ ಜಿಲ್ಲೆಗೆ ಹಾಕಿ ನೋಡಿ. 2011ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ 18.9 ಲಕ್ಷ. ಅಂದರೆ ವರ್ಷಕ್ಕೆ ಇಪ್ಪತ್ತರಿಂದ ನಲವತ್ತು ಮನೆಗಳಲ್ಲಿ ಯಾರೋ ಒಬ್ಬರು ಹೀಗೆ ಮಲಗುತ್ತಾರೆ. ಅವರಲ್ಲಿ ನಾಲ್ಕರಲ್ಲೊಬ್ಬರಿಗೆ ವೆಂಟಿಲೇಟರ್ ಬೇಕಾಗುತ್ತದೆ. ಆ ಮನೆಗಳಲ್ಲಿ ಎಷ್ಟು ಮನೆ ಗುರುವಾರವನ್ನು ನಮ್ಮಂತೆ ಗಿಡಮೂಲಿಕೆಗೆ ಕಳೆಯುತ್ತಿವೆಯೋ!

ದಿನ ಕಳೆಯುವುದು ಏಕೆ ಇಷ್ಟು ದುಬಾರಿ ಎಂದರೆ, ಈ ರೋಗಕ್ಕೆ ಔಷಧ ಇದೆ, ಆದರೆ ಅದಕ್ಕೆ ಅವಧಿ ಇದೆ. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ, ಅಂದರೆ ರಕ್ತದ ತಿಳಿ ದ್ರವದಿಂದ, ತೆಗೆದ ಇಮ್ಯುನೋಗ್ಲೋಬುಲಿನ್ ಎಂಬ ಪ್ರತಿಕಾಯಗಳನ್ನು ರಕ್ತನಾಳಕ್ಕೆ ಕೊಡುತ್ತಾರೆ; ಇಲ್ಲವೇ ರೋಗಿಯ ಪ್ಲಾಸ್ಮಾವನ್ನೇ ಬದಲಿಸುತ್ತಾರೆ. ನಿಶ್ಯಕ್ತಿ ಶುರುವಾದ ಎರಡು ವಾರದೊಳಗೆ ಇಮ್ಯುನೋಗ್ಲೋಬುಲಿನ್ ಶುರು ಮಾಡಬೇಕು. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.4 ಗ್ರಾಂ, ಐದು ದಿನ. ಅರವತ್ತು ಕಿಲೋ ತೂಗುವ ನನ್ನ ತಮ್ಮನಿಗೆ 120 ಗ್ರಾಂ, ಅಂದರೆ ಐದು ಗ್ರಾಮಿನ 24 ಬಾಟಲಿ. ಆ ರಾತ್ರಿ ಅಷ್ಟು ಬಾಟಲಿ ಒಂದೇ ಕಡೆ ಇರಲಿಲ್ಲ. ನನ್ನ ಯಜಮಾನರು ಮತ್ತು ಚಿಕ್ಕಪ್ಪನ ಮಗ ಮೂರು ಊರಿನ ಔಷಧ ಅಂಗಡಿಗಳನ್ನು ಸುತ್ತಿ, ಐಸಿಟ್ಟ ಡಬ್ಬಿಯಲ್ಲಿ ಬಾಟಲಿಗಳನ್ನು ತಂದರು. ಸ್ಟೆರಾಯ್ಡ್ ಮಾತ್ರೆಗಳು ಈ ರೋಗಕ್ಕೆ ಉಪಯೋಗವಿಲ್ಲ ಎಂಬುದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಹಾಗಿದ್ದೂ ಕೈಕಾಲು ಸೋಲು ಎಂದಾಕ್ಷಣ ಅವನ್ನೇ ಕೊಡುವ ರೂಢಿ ನಮ್ಮ ಕಡೆ ಇದೆ. ದಯವಿಟ್ಟು ಇದನ್ನು ನಿಲ್ಲಿಸಿ.

ಬುಧವಾರವೇ ಬಂದಿದ್ದರೆ ವೆಂಟಿಲೇಟರ್ ತಪ್ಪುತ್ತಿತ್ತೇ ಎಂದು ಆ ಆಸ್ಪತ್ರೆಯ ನರರೋಗ ತಜ್ಞರನ್ನು ಕೇಳಿದೆ. “ಅದನ್ನು ಹೇಳಲಾಗದು ಅಮ್ಮಾ. ಆದರೆ ಒಂದು ದಿನ ತಡವಾಗಿದ್ದರೆ ಉಸಿರು ದಾರಿಯಲ್ಲೇ ನಿಲ್ಲುತ್ತಿತ್ತು” ಅಂದರು.

ಈಗ ನಾನು ಕೇಳುವುದಕ್ಕೆ ಬರುತ್ತೇನೆ. ಮೊದಲನೆಯದು, ಮತ್ತು ಬೇರೇನೂ ಆಗದಿದ್ದರೂ ಆಗಲೇಬೇಕಾದದ್ದು, ಒಂದು ರಬ್ಬರ್ ಸ್ಟಾಂಪ್. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಪ್ರತಿ ದವಾಖಾನೆಯಲ್ಲಿ, ಜ್ವರದ ಅಥವಾ ಭೇದಿಯ ಚೀಟಿ ಬರೆದ ಮೇಲೆ ಅದರ ಕೆಳಗೆ ಈ ಎರಡು ಸಾಲು ಒತ್ತಿ ಕೊಡಿ: ‘ಜ್ವರ, ಭೇದಿ ನಿಂತ ಆರು ವಾರದೊಳಗೆ ಎರಡೂ ಕಾಲಿಗೆ ಜೋಮು, ಸೋಲು ಬಂದರೆ, ಮೆಟ್ಟಿಲು ಹತ್ತಲಾಗದಿದ್ದರೆ, ನುಂಗಲು, ಉಸಿರಾಡಲು ಕಷ್ಟವಾದರೆ ಅವತ್ತೇ ಆಸ್ಪತ್ರೆಗೆ ಬನ್ನಿ. ಇದು ಲಕ್ವಾ ಅಲ್ಲ, ಇದಕ್ಕೆ ಔಷಧ ಇದೆ.’ ಓದಲು ಬಾರದವರಿಗೆ ಬಾಯಲ್ಲಿ ಹೇಳಿ. ಅರ್ಧ ನಿಮಿಷ ಸಾಕು. ನನ್ನ ತಮ್ಮನ ಚೀಟಿಯ ಮೇಲೆ ಈ ಸಾಲಿದ್ದಿದ್ದರೆ ಸೋಮವಾರ ಸಂಜೆ ನಾನು ಅವನಿಗೆ ಅಡ್ಡಾಡಿ ಬಾ ಎನ್ನುತ್ತಿರಲಿಲ್ಲ.

ಹಾಗೆ ಬಂದವರ ಮೊಣಕಾಲನ್ನು ಒಮ್ಮೆ ತಟ್ಟಿ ನೋಡಿ. ಆ ಸುತ್ತಿಗೆಗೆ ಕರೆಂಟು ಬೇಡ, ಲ್ಯಾಬ್ ಬೇಡ. ಒಂದೇ ಉಸಿರಿನ ಎಣಿಕೆಗೆ ಸುತ್ತಿಗೆಯೂ ಬೇಡ. ಎಣಿಕೆ ಇಪ್ಪತ್ತರ ಕೆಳಗಿಳಿದವರನ್ನು ಮನೆಗೆ ಕಳಿಸಬೇಡಿ. ಇದನ್ನು ಆಶಾ ಕಾರ್ಯಕರ್ತೆಯರಿಗೆ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಲಾರ್ವಾ ನೋಡಲು ಬಂದಾಗ, ಈ ತಿಂಗಳು ಜ್ವರ ಬಂದು ಹೋದವರು ಯಾರು, ಅವರ ಕಾಲು ಹೇಗಿದೆ, ಕೀಲು ಹೇಗಿದೆ ಎಂದು ಅವರು ಕೇಳಲಿ.

ಎರಡನೆಯ ಕೋರಿಕೆ ಸ್ವಲ್ಪ ದೊಡ್ಡದು. ಪೋಲಿಯೋ ಕಾಲದಲ್ಲಿ ನಮ್ಮ ಆರೋಗ್ಯ ಇಲಾಖೆ ಕಟ್ಟಿದ ಒಂದು ವ್ಯವಸ್ಥೆ ಇಂದಿಗೂ ಜೀವಂತವಾಗಿದೆ. ಹದಿನೈದು ವರ್ಷದೊಳಗಿನ ಯಾವ ಮಗುವಿನ ಕೈಕಾಲು ಹಠಾತ್ತನೆ ಸೋತರೂ ವರದಿಯಾಗಬೇಕು, 14 ದಿನದೊಳಗೆ ಎರಡು ಮಲದ ಮಾದರಿ ಹೋಗಬೇಕು. ಆ ಶಿಸ್ತಿನ ಬಲದಿಂದಲೇ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡ ಪ್ರಕರಣ ದೇಶದ ಕೊನೆಯ ಪೋಲಿಯೋ ಎಂದು ನಂಬಲು ಸಾಧ್ಯವಾಯಿತು, 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೋ ಮುಕ್ತ ಪ್ರಮಾಣಪತ್ರ ಸಿಕ್ಕಿತು. ಪೋಲಿಯೋ ಹೋದ ಮೇಲೆ ಹಾಗೆ ಕೈಕಾಲು ಸೋಲುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದಾಗಿ ಉಳಿದಿರುವುದು ಗೀಲನ್ ಬಾರೆಯೇ. ಆದರೆ ಹದಿನೈದು ದಾಟಿದವರ ಕಾಲು ಸೋತರೆ ಹಾಗೆ ಹುಡುಕಿ ಬರುವ ವ್ಯವಸ್ಥೆ ಇಲ್ಲ. ಮಗುವಿನ ಕಾಲಿಗೆ ಇರುವ ಆ ಕಾಗದ ನೇಕಾರನ ಕಾಲಿಗೂ ಇರಲಿ. ಜಿಲ್ಲೆಯ ಮಟ್ಟದಲ್ಲಿ ಒಂದು ವಹಿ ಇಟ್ಟು ಬರೆದುಕೊಳ್ಳುತ್ತ ಹೋದರೂ ಸಾಕು. ಒಂದೇ ಓಣಿಯಿಂದ ಮೂರು ಹೆಸರು ಬಂದರೆ ನೀರಿನ ಪೈಪು ನೋಡಬೇಕು ಎಂಬುದು ಅದರಲ್ಲೇ ಕಾಣುತ್ತದೆ.

ಔಷಧದ ಬಗ್ಗೆ: ಒಬ್ಬ ರೋಗಿಗೆ ಮೊದಲೆರಡು ದಿನಕ್ಕಾಗುವಷ್ಟು ಇಮ್ಯುನೋಗ್ಲೋಬುಲಿನ್ ಜಿಲ್ಲೆಯ ಒಂದು ಕಡೆ ಸದಾ ಇರಲಿ, ಎಲ್ಲಿದೆ ಎಂಬುದು ತಾಲ್ಲೂಕು ವೈದ್ಯರಿಗೆಲ್ಲ ಗೊತ್ತಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ನೆರವಿದೆ. ಆದರೆ ವೆಂಟಿಲೇಟರಿನ ಮುಂದೆ ನಿಂತ ಮನೆಯವರಿಗೆ ಕಾರ್ಡು ಎಲ್ಲಿದೆ, ಕಾಗದ ಯಾವುದು ಎಂಬುದೊಂದೂ ತಲೆಗೆ ಹೋಗುವುದಿಲ್ಲ. ತಾಲ್ಲೂಕಿನಿಂದ ಕಳಿಸುವಾಗಲೇ ರೆಫರಲ್ ಪತ್ರ ಮತ್ತು ಬೇಕಾದ ಕಾಗದಗಳ ಪಟ್ಟಿ ಕೈಗೆ ಕೊಟ್ಟು ಕಳಿಸಿ.

ನನ್ನ ಓಣಿಯವರಿಗೆ ಒಂದು ಮಾತು. ತಮ್ಮ ಮಲಗಿದ್ದಾಗ ಹಲವರು, “ಕೊರೊನಾ ಸೂಜಿಯಿಂದನ ಹಿಂಗಾಗೇತಿ” ಅಂದರು. ಲಸಿಕೆಯ ನಂತರ ಗೀಲನ್ ಬಾರೆ ಬಂದ ಉದಾಹರಣೆಗಳಿವೆ, ಅದನ್ನು ಮುಚ್ಚಿಡುವುದಿಲ್ಲ. 1976ರಲ್ಲಿ ಅಮೆರಿಕದಲ್ಲಿ ಹಂದಿಜ್ವರದ ಲಸಿಕೆ ಹಾಕಿದಾಗ ಒಂದು ಲಕ್ಷಕ್ಕೆ ಸುಮಾರು ಒಂದು ಪ್ರಕರಣ ಹೆಚ್ಚಾಯಿತು, ಕಾರ್ಯಕ್ರಮವನ್ನೇ ನಿಲ್ಲಿಸಿದರು. ಆದರೆ ಫ್ಲೂ ಬಂದವರಿಗೆ ಇರುವ ಅಪಾಯ ಫ್ಲೂ ಲಸಿಕೆ ಪಡೆದವರಿಗಿಂತ ಬಹಳ ಹೆಚ್ಚು. ತಮ್ಮನಿಗೆ ಆ ಆರು ವಾರದಲ್ಲಿ ಯಾವ ಸೂಜಿಯೂ ಬಿದ್ದಿರಲಿಲ್ಲ, ಜ್ವರ ಬಂದಿತ್ತು. ನನ್ನ ಪತ್ರ ಓದಿ ಯಾರೂ ಮಗುವಿನ ಲಸಿಕೆ ತಪ್ಪಿಸಬೇಡಿ. ಬದಲಿಗೆ ಬ್ಯಾರಲ್ಲಿನ ಬಾಯಿಗೆ ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ತಿಕ್ಕಿ ತೊಳೆದು ಒಣಗಿಸಿ, ಕುಡಿಯುವ ನೀರು ಕಾಯಿಸಿ.

ತಮ್ಮ ಈಗ ಹೇಗಿದ್ದಾನೆ ಎಂದು ನೀವು ಕೇಳಬಹುದು. ಈ ರೋಗ ಬಂದವರಲ್ಲಿ ಹೆಚ್ಚಿನವರು ಆರು ತಿಂಗಳಲ್ಲಿ ತಾವೇ ನಡೆಯುತ್ತಾರೆ, ಅವನೂ ನಡೆದ. ಫಿಸಿಯೋಥೆರಪಿಗೆಂದು ವಾರಕ್ಕೆ ಮೂರು ದಿನ ಅವ್ವ ಅವನನ್ನು ರಿಕ್ಷಾದಲ್ಲಿ ಕರೆದೊಯ್ಯುತ್ತಿದ್ದಳು. ಏಳನೆಯ ತಿಂಗಳಿಗೆ ಕುಣಿಗೆ ಇಳಿದು ಹಲಗೆ ತುಳಿದ. ಸೀರೆ ನೇಯುತ್ತಾನೆ, ಆದರೆ ಟೋಪ ತೆನಿ ಸೆರಗಿಗೆ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸವನ್ನು ಈಗ ಅವನ ಹೆಂಡತಿ ಮಾಡುತ್ತಾಳೆ. ಅವನ ಬೆರಳ ತುದಿಗೆ ಎಳೆ ಇನ್ನೂ ತಿಳಿಯುವುದಿಲ್ಲ.

ಮೇಲೆ ಬರೆದ ಎರಡು ಸಾಲಿನ ಸ್ಟಾಂಪನ್ನು ನಮ್ಮ ಊರಿನ ಪೇಟೆಯಲ್ಲಿ ಮಾಡಿಸಿದ್ದೇನೆ. ಅಕ್ಷರ ದಪ್ಪವಾಗಿ, ಸ್ಪಷ್ಟವಾಗಿ ಬಂದಿವೆ. ಈ ಪತ್ರದ ಪ್ರತಿಯ ಜೊತೆ ಅದನ್ನೂ, ಒಂದು ಇಂಕ್ ಪ್ಯಾಡನ್ನೂ ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಮಾತುಗಳಲ್ಲಿ ತಿದ್ದುವುದಿದ್ದರೆ ತಿದ್ದಿ. ಮಳೆಗಾಲ ಶುರುವಾಗುವ ಮೊದಲು ಆಗಲಿ.

ತಮ್ಮ ವಿಶ್ವಾಸಿ,
ಒಬ್ಬ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ
ಇಳಕಲ್ಲ, ಬಾಗಲಕೋಟೆ ಜಿಲ್ಲೆ